ಬಿಟ್ಟ ಊಟದ ಲೆಕ್ಕ

ಏಕಾದಶಿ ದಿನದ ಕಿರಾಣಿ ಖರ್ಚು ಎಂದಾದ್ರೂ ಬರದಿಟ್ಟು ನೋಡೀರೇನು? "ಏಕಾದಶಿ, ದುಪ್ಪಟ್ ಖಾಶಿ" ಅಂತ ನಮ್ಮ ಕಡೆ ಹಿರ್ಯಾರು ಚ್ಯಾಷ್ಟಿ ಮಾಡ್ತಿದ್ರು. ಸಾಬೂದಾಣಿ ನೆನಿಬೇಕು, ಶೇಂಗಾ ಹುರದು ಪುಡಿ ಆಗಬೇಕು, ತುಪ್ಪ ಒಂದು ಚಮಚಾ ಹೆಚ್ಚಿಗಿ, ಬಾಳಿಹಣ್ಣು, ಖಜೂರ, ರಾತ್ರಿಗೆ ಭಗರ. ಅನ್ನ ಭಕ್ರಿ ಬಿಟ್ಟಿದ್ದು ಖರೆ, ಆದ್ರ ಉಳದದ್ದು ಏನು? ಉಳದಿದ್ರ ಅದು ಯಾರ ಪಾಲು?

ಇದ ಪ್ರಶ್ನೆ ಹಿಡಕೊಂಡು ಕ್ರಿಶ್ಚನ್ ಮಂದಿ 1800 ವರ್ಷಕ್ಕೂ ಹೆಚ್ಚು ಕಾಲ ಜಗ್ಗ್ಯಾಡ್ಯಾರ. ಅವರ ಲೆಂಟ್ ಉಪಾಸದ ಇತಿಹಾಸ ಓದಿದಾಗ ನನಗ ಇದು ಗುಡಿ-ಚರ್ಚಿನ ಕಥಿಗಿಂತ ಅಡಗಿಮನಿ ಕಥಿ ಅನಿಸ್ತು. ಅದಕ್ಕ ನಿಮಗೂ ಹೇಳಬೇಕಂತ ಕೂತೀನಿ.

ಮೊದಲು ಲೆಂಟ್ ಅಂದ್ರೇನು ಅಂತ ಹೇಳಿಬಿಡ್ತೀನಿ. ಈಸ್ಟರ್ ಹಬ್ಬದ ಮುಂಚಿನ 40 ದಿನದ ವ್ರತ ಇದು. ಕನ್ನಡ ಕ್ಯಾಥೊಲಿಕರು ಇದಕ್ಕ ತಪಸ್ಸು ಕಾಲ ಅಂತಾರ. ಶುರು ಆಗೂದು ವಿಭೂತಿ ಬುಧವಾರ. ಅವತ್ತು ಚರ್ಚಿನಾಗ ಹಣಿಗೆ ಬೂದಿ ಹಚ್ಚತಾರ, ನಮ್ಮ ವಿಭೂತಿ ಇದ್ದಂಗ. ನಡುವಿನ ಭಾನುವಾರ ಲೆಕ್ಕಕ್ಕ ಹಿಡಿಯೂದಿಲ್ಲ, ಹಿಂಗಾಗಿ ಕ್ಯಾಲೆಂಡರದಾಗ ಎಣಿಸಿದ್ರ 46 ದಿನ ಆಗ್ತಾವ. ಈ ಕಾಲದಾಗ ಮಾಡೂವು ಮೂರು: ಪ್ರಾರ್ಥನಾ, ಉಪಾಸ, ದಾನ. ಮೂರೂ ಕೂಡೇ ನಡೀಬೇಕು. ಒಂದು ಮಜಾ ಏನಂದ್ರ, ಹಣಿಗೆ ಬೂದಿ ಹಚ್ಚೂ ದಿನನ ಕ್ಯಾಥೊಲಿಕ್ ಚರ್ಚಿನಾಗ ಓದೂ ಬೈಬಲ್ ಭಾಗ, "ಉಪಾಸ ಮಾಡಿದ್ದು ಮಂದಿಗೆ ತೋರಸಬ್ಯಾಡ್ರಿ, ಮಾರಿ ತೊಳಕೊಂಡು ಹಸನಾಗಿ ಇರ್ರಿ, ಒಂದು ಕೈಲೆ ಕೊಟ್ಟದ್ದು ಇನ್ನೊಂದು ಕೈಗೆ ಗೊತ್ತಾಗಬಾರದು" ಅನ್ನೂ ಅರ್ಥದ್ದು.

ಇನ್ನ ಲೆಕ್ಕಕ್ಕ ಬರೂಣು. 2ನೇ ಶತಮಾನದಾಗ, 40 ದಿನದ ಪದ್ಧತಿ ಇನ್ನೂ ಗಟ್ಟಿ ಆಗೂಕಿಂತ ಮೊದಲ, ರೋಮ್ ನಗರದಾಗ ಒಂದು ಪುಸ್ತಕ ಹುಟ್ಟಿತು. 'ಹೆರ್ಮಸನ ಕುರುಬ' ಅಂತ ಅದರ ಹೆಸರು. ಕುರುಬನ ವೇಷದಾಗ ಬಂದ ದೇವದೂತ ಹೆರ್ಮಸಗ ಉಪಾಸದ ರೀತಿ ಹೇಳಿಕೊಡ್ತಾನ. ಅವತ್ತು ಬರೇ ರೊಟ್ಟಿ-ನೀರು ತಗೋಬೇಕು. ಆಮ್ಯಾಲ, ಉಪಾಸ ಇರದಿದ್ರ ಏನೇನು ತಿಂತಿದ್ದಿ ಅದರ ಖರ್ಚು ಲೆಕ್ಕ ಹಾಕಬೇಕು. ಅಷ್ಟು ದುಡ್ಡು ಎತ್ತಿಟ್ಟು ಒಬ್ಬ ವಿಧವಾಗೋ, ತಬ್ಬಲಿಗೋ, ಇಲ್ಲದವರಿಗೋ ಕೊಡಬೇಕು. ಮತ್ತ ಇದನ್ನ ಒಬ್ಬನ ಮಾಡಬ್ಯಾಡ, ಮಕ್ಕಳು, ಮನಿ ಮಂದಿ ಎಲ್ಲಾರೂ ಕೂಡಿ ಮಾಡ್ರಿ ಅಂತಾನ. ಈ ಕಡೀ ಮಾತು ನೆನಪಿಟ್ಟುಕೊಳ್ರಿ, ಮುಂದ ಬೇಕಾಗ್ತದ.

325ರ ನೈಸಿಯಾ ಸಭಾದ ಹೊತ್ತಿಗೆ 40 ದಿನದ ಮಾತು ಬಂತು. 5ನೇ ಶತಮಾನದಾಗ ರೋಮಿನ ಪೋಪ್ ಆಗಿದ್ದ ಲಿಯೋ ತನ್ನ ಪ್ರವಚನದೊಳಗ ಮತ್ತ ಮತ್ತ ಇದನ್ನ ಹೇಳಿದ: ಉಪಾಸದಾಗ ಉಳದದ್ದು ಬಡವರ ಹೊಟ್ಟಿಗೆ ಹೋಗಬೇಕು.

ಹೇಳೂದು ಸಸಾರ, ನಡಸೂದು ಕಷ್ಟ. ಮುಂದಿನ ಸಾವಿರ ವರ್ಷದಾಗ ಯುರೋಪಿನ ಅಡಗಿಮನಿಯೊಳಗ ಏನಾತು ನೋಡ್ರಿ. ಲೆಂಟಿನಾಗ ಮಾಂಸ ಅಷ್ಟ ಅಲ್ಲ, ಹಾಲು, ಬೆಣ್ಣಿ, ಚೀಸ್, ತತ್ತಿ ಎಲ್ಲಾ ಬಂದ್. ವಿಭೂತಿ ಬುಧವಾರದ ಹಿಂದಿನ ದಿನ ಇಂಗ್ಲೆಂಡಿನಾಗ ಪ್ಯಾನ್‌ಕೇಕ್ ಮಾಡೂ ರೂಢಿ ಬಂದದ್ದು, ಮನ್ಯಾಗಿನ ತತ್ತಿ, ಬೆಣ್ಣಿ ಖಾಲಿ ಮಾಡಲಿಕ್ಕೆ. ಬಡವರು ಬ್ಯಾಳಿ, ಒಣ ಮೀನು ತಿಂದು ದಿನಾ ನೂಕಿದ್ರ, ಶ್ರೀಮಂತರ ಅಡಗಿಯವರು ಬದಾಮಿ ಅರದು ಹಾಲು ತಗದು, ಹಸೀ ಮೀನಿನ ತರಾತರಾ ಪದಾರ್ಥ ಮಾಡಿದ್ರು. ನಮ್ಮ ಸಾಬೂದಾಣಿ ವಡಾದ ಬಳಗ ಅಂತ ತಿಳಕೊಳ್ರಿ. ನಿಯಮ ಮುರೀಲಿಲ್ಲ, ನಾಲಿಗಿಗೂ ಕಡಿಮಿ ಆಗಲಿಲ್ಲ, ಬಡವರಿಗೆ ಮಾತ್ರ ಏನೂ ಉಳೀಲಿಲ್ಲ.

ಆಮ್ಯಾಲ ಬೆಣ್ಣಿ ಗದ್ದಲ. ಉತ್ತರ ಯುರೋಪಿನ ಥಂಡಿಯೊಳಗ ಆಲಿವ್ ಬೆಳಿಯೂದಿಲ್ಲ, ಎಣ್ಣಿ ಹೊರಗಿಂದ ಬರಬೇಕು, ಮನ್ಯಾಗ ಇರೂದು ಬೆಣ್ಣಿ. ಅದಕ್ಕ ಲೆಂಟಿನಾಗ ಬೆಣ್ಣಿ ತಿನ್ನಲಿಕ್ಕೆ ಚರ್ಚು ಪರವಾನಗಿ ಕೊಡ್ತಿತ್ತು, ಬದಲಿಗೆ ದುಡ್ಡು ಕಾಣಿಕಿ ಹಾಕಬೇಕು. ಫ್ರಾನ್ಸಿನ ರುವಾನ್ ಊರಿನ ದೊಡ್ಡ ಚರ್ಚಿಗೆ 15ನೇ ಶತಮಾನದ ಕಡೀ ಭಾಗದಾಗ ಒಂದು ಗೋಪುರ ಕಟ್ಟಲಿಕ್ಕೆ ಶುರು ಮಾಡಿದ್ರು. ಇಂಥಾ ಕಾಣಿಕಿ ದುಡ್ಡಿನಾಗ ಎದ್ದದ್ದು ಅಂತ ಅದಕ್ಕ ಇವತ್ತಿಗೂ 'ಬೆಣ್ಣಿ ಗೋಪುರ' ಅಂತಾರ. 1520ರಾಗ ಮಾರ್ಟಿನ್ ಲೂಥರ್ ಈ ಬೆಣ್ಣಿ ಪರವಾನಗಿ ವ್ಯಾಪಾರದ ಮ್ಯಾಲೂ ಸಿಟ್ಟು ಮಾಡಿ ಬರದ. ವಿಧವಾ, ತಬ್ಬಲಿ ಪಾಲಿಗೆ ಹೋಗಬೇಕಾದ ದುಡ್ಡು ಕಲ್ಲಾಗಿ ಮುಗಿಲಿಗೆ ಏರಿತ್ತು.

ಲೆಕ್ಕ ತಿರುಗಿ ಊಟದ ಮೇಜಿಗೆ ಬಂದದ್ದಕ್ಕ ಒಂದು ಸಣ್ಣ ಕಥಿ ಅದ. 1886ರಾಗ ಇಂಗ್ಲೆಂಡಿನಾಗ ಸಾಲ್ವೇಶನ್ ಆರ್ಮಿಯ ವಿಲಿಯಂ ಬೂತ್ ಒಂದು ಸಭಾದಾಗ ದುಡ್ಡಿನ ಅಡಚಣಿ ಹೇಳಿ ಸಹಾಯ ಕೇಳಿದ. ಮೇಜರ್ ಜಾನ್ ಕಾರ್ಲ್‌ಟನ್ ಅನ್ನಾಂವಾ ಒಂದು ಚೀಟಿ ಬರದು ಕೊಟ್ಟ: ಒಂದು ವರ್ಷ ದಿನಾ ಪುಡ್ಡಿಂಗ್ ಬಿಟ್ರ 50 ಶಿಲ್ಲಿಂಗ್ ಉಳೀತದ, ಅದನ್ನ ಕೊಡ್ತೀನಿ ಅಂತ. ಬೂತ್ ವಿಚಾರ ಮಾಡಿದ, ಒಬ್ಬನ ವರ್ಷಗಟ್ಟಲೆ ಬಿಡೂದ್ಯಾಕ, ಎಲ್ಲಾರೂ ಒಂದು ವಾರ ಏನಾದ್ರೂ ಬಿಡೂಣು. ಹಿಂಗ 'ಸೆಲ್ಫ್ ಡಿನಾಯಲ್' ವಾರ ಶುರು ಆತು. ಇದು ಲೆಂಟ್ ವ್ರತ ಅಂತ ಹುಟ್ಟಿದ್ದಲ್ಲ, ಆದ್ರ ಹೆರ್ಮಸನ ಲೆಕ್ಕನ ಇಲ್ಲೂ ಇತ್ತು.

ಎಲ್ಲಾಕ್ಕಿಂತ ನನಗ ಸೇರಿದ್ದು ಅಮೆರಿಕಾದ ಪೆನ್ಸಿಲ್ವೇನಿಯಾ ರಾಜ್ಯದ ಅಲೆನ್‌ಟೌನ್ ಅನ್ನೂ ಊರಿನ ಕಥಿ. 1970ರ ದಶಕದ ಮೊದಲಿಗೆ ಆಫ್ರಿಕಾದಾಗ, ಸಹಾರಾ ಮರಳುಗಾಡಿನ ದಕ್ಷಿಣಕ್ಕಿರೂ ಸಾಹೆಲ್ ಪಟ್ಟಿಯೊಳಗ ಮಳಿ ಕೈಕೊಟ್ಟು ಭಾರಿ ಬರ ಬಿದ್ದಿತ್ತು. ಮಾಲಿ, ನೈಜರ್, ಚಾಡ್, ಇಂಥಾ ದೇಶದಾಗ ಮಂದಿ, ದನಾ ಸತ್ತು ಹೋದ್ರು. 1975ರ ಲೆಂಟಿನಾಗ ಅಲೆನ್‌ಟೌನಿನ ಪಾದ್ರಿ ರಾಬರ್ಟ್ ಕೋಲ್ ಮುಂದ ನಿಂತು, ಬ್ಯಾರೆ ಬ್ಯಾರೆ ಪಂಥದ ಚರ್ಚಿನವರನ್ನ ಕೂಡಿಸಿ 'ಆಪರೇಶನ್ ರೈಸ್ ಬೌಲ್' ಶುರು ಮಾಡಿದ್ರು. ರೈಸ್ ಬೌಲ್ ಅಂದ್ರ ಅನ್ನದ ಬಟ್ಟಲ. ಮನಿ ಮನಿಗೆ ರಟ್ಟಿನ ಒಂದು ಸಣ್ಣ ಡಬ್ಬಿ. ಅದನ್ನ ಊಟದ ಮೇಜಿನ ಮ್ಯಾಲ, ಎಲ್ಲಾರಿಗೂ ಕಾಣೂ ಹಂಗ ಇಡಬೇಕು. ವಾರಕ್ಕೊಮ್ಮೆ ಮನಿ ಮಂದಿ ಎಲ್ಲಾ ಸಾದಾ ಊಟ ಮಾಡಿ, ಉಳದ ದುಡ್ಡು ಅದರಾಗ ಹಾಕಬೇಕು. ಪ್ರಾರ್ಥನಾ ಮಾಡಬೇಕು, ಹಸಿವು ಯಾಕ ಹುಟ್ತದ ಅಂತ ಮಕ್ಕಳಿಗೆ ತಿಳಿಸಿ ಹೇಳಬೇಕು.

ಮರುವರ್ಷ, 1976ರಾಗ, ಫಿಲಡೆಲ್ಫಿಯಾದಾಗ ಕ್ಯಾಥೊಲಿಕರ ಜಾಗತಿಕ ಸಮ್ಮೇಳನ ಆತು. ನಮ್ಮ ಕೋಲ್ಕತಾದ ಮದರ್ ತೆರೇಸಾನೂ ಹೋಗಿದ್ರು. ಅಲ್ಲಿ ಈ ಡಬ್ಬಿ ದೇಶದ ಮುಂದ ಬಂತು. 1977ರಾಗ ಅಮೆರಿಕಾದ ಬಿಶಪ್‌ಗೋಳು ಅದನ್ನ ಕ್ಯಾಥೊಲಿಕ್ ರಿಲೀಫ್ ಸರ್ವಿಸಸ್ ಅನ್ನೂ ತಮ್ಮ ಸಂಸ್ಥಾದ ಕಾರ್ಯಕ್ರಮ ಮಾಡಿದ್ರು. ಕೂಡಿದ ದುಡ್ಡಿನಾಗ 100ಕ್ಕ 75 ಪಾಲು ಹೊರದೇಶದ ಕೆಲಸಕ್ಕ, 25 ಪಾಲು ತಮ್ಮ ಭಾಗದಾಗಿನ ಹಸದವರಿಗೆ. ದೂರದವರ ನೆನಪಿನಾಗ ಬಾಜೂ ಮನಿಯವರನ್ನ ಮರೀಬಾರದಲ್ಲ. ಡಬ್ಬಿ ಜೋಡಿ ಬ್ಯಾರೆ ಬ್ಯಾರೆ ದೇಶದ ಮಾಂಸ ಇಲ್ಲದ ಅಡಗಿ ಮಾಡೂ ರೀತಿನೂ ಕೊಡ್ತಾರ. ಆ ದೇಶದ ಹೆಂಗಸು ಏನು ಕುದಸ್ತಾಳೋ ಅದನ್ನ ಇಲ್ಲಿ ಹೆಂಗಸೂ ಕುದಸಬೇಕು.

ಹಿಂಗ ಮನ್ಯಾಗಿನ ಪುಡಿಕಾಸು ಕೂಡಿ ದೂರದ ದೇಶಕ್ಕ ಹೋಗೂದು ನಮ್ಮ ಧಾರವಾಡಕ್ಕೂ ಹೊಸಾದಲ್ಲ. 1837ರಾಗ ಇಲ್ಲಿ ಬಂದ ಬಾಸೆಲ್ ಮಿಶನ್ನಿಗೆ ಸ್ವಿಟ್ಜರ್ಲೆಂಡ್, ಜರ್ಮನಿಯ ಸಾದಾ ಮಂದಿ ದುಡ್ಡು ಕೊಡ್ತಿದ್ರು. 1855ರಾಗ ಕಾರ್ಲ್ ಸಾರಾಸಿನ್ 'ಅರ್ಧ ಬಾಟ್ಸನ್' ಚಂದಾ ಶುರು ಮಾಡಿದ. ಬಾಟ್ಸನ್ ಅಂದ್ರ ಅಲ್ಲಿ ಹಳೇ ಚಿಲ್ಲರ ನಾಣ್ಯ, ಅದರ ಅರ್ಧ ವಾರಕ್ಕೊಮ್ಮೆ ಕೊಡೂದು. ಆ ಮಿಶನ್ ಮತ ಪ್ರಚಾರನೂ ಮಾಡಿತು, ಸಾಲಿನೂ ತಗೀತು. ನಮ್ಮ ಕಿಟ್ಟೆಲ್ ಸಾಹೇಬ್ರೂ ಅದ ಮಿಶನ್ನಿನವರು. ನಮ್ಮ ಮಠದ ಜೋಳಗಿಗೆ ಹಿಡಿ ಜ್ವಾಳಾ ಹಾಕಿದ ಅಜ್ಜಿಗೋಳಿಗೆ ಈ ಲೆಕ್ಕ ಯಾರೂ ಬಿಡಿಸಿ ಹೇಳೂದು ಬ್ಯಾಡ.

ನಮ್ಮ ಬಾಜೂ ಮನ್ಯಾಗ ಒಬ್ಬ ಕ್ರಿಶ್ಚನ್ ಟೀಚರ್ ಬಾಯಾರು ಇದ್ರು. ಲೆಂಟ್ ಬಂತಂದ್ರ ಅವರ ಫ್ರಿಜ್ ಮ್ಯಾಲೂ ಚರ್ಚಿನಿಂದ ತಂದ ಒಂದು ರಟ್ಟಿನ ಡಬ್ಬಿ. ಶುಕ್ರವಾರ ಮಟನ್ ಇಲ್ಲ, ಆ ದುಡ್ಡು ಡಬ್ಬಿಗೆ. ಒಂದ ಸಲ ನಾನು, "ಬಾಯಾರ, ನೀವು ಹೆಂಗೂ ಮಟನ್ ತಿನ್ನೂದ ಕಡಿಮಿ, ನಿಮಗೇನು ಫರಕ್ ಆಗ್ತದ" ಅಂತ ಕೇಳಿದೆ. "ನನಗ ಆಗೂದಿಲ್ರಿ, ಅದಕ್ಕ ನನ್ನದು ಲೆಕ್ಕಕ್ಕ ಹಿಡಿಯೂದಿಲ್ಲ. ನಮ್ಮ ಮನಿಯವರದ್ದು, ಹುಡುಗೂರದ್ದು ಕಡಿಮಿ ಆದ್ರನ ಅದು ಉಪಾಸ" ಅಂದ್ರು.

ಈ ಮಾತು ನನ್ನ ತಲ್ಯಾಗ ಕೂತುಬಿಟ್ಟದ. ಯಾವ ಧರ್ಮದ ಮನಿನ ಆಗಲಿ, ಉಳಿತಾಯ ಅಂದ್ರ ಮೊದಲು ಕಡಿಮಿ ಆಗೂದು ತಾಯಿ ತಾಟು. ವಾರಕ್ಕ ಎರಡು ಮೂರು ಉಪಾಸ ನಾವು ಮಾಡೇ ಮಾಡ್ತೀವಿ, ಉಳದವರಿಗೆ ಅವತ್ತೂ ಬಿಸಿ ಅಡಗಿ ತಪ್ಪೂದಿಲ್ಲ. ಅದು ಉಪಾಸ ಅಲ್ಲ ಅಂತ ನಾನು ಹೇಳೂದಿಲ್ಲ. ಆದ್ರ ಹೆರ್ಮಸನ ಕುರುಬ "ಮನಿ ಮಂದಿ ಎಲ್ಲಾ" ಅಂದಿದ್ದ, ಅಲೆನ್‌ಟೌನಿನವರು ಡಬ್ಬಿ ಊಟದ ಮೇಜಿನ ಮ್ಯಾಲ ಇಟ್ಟಿದ್ರು. ಬಿಡೂದು ಎಲ್ಲಾರ ತಾಟಿನಿಂದ ಬಿಡಬೇಕು, ಲೆಕ್ಕ ಎಲ್ಲಾರ ಮುಂದ ಆಗಬೇಕು, ಉಳದದ್ದು ಮನಿ ಹೊರಗಿನ ಹಸದವರಿಗೆ ಹೋಗಬೇಕು.

ಬರೂ ಏಕಾದಶಿಗೆ ನಮ್ಮ ಮನ್ಯಾಗ ಎಲ್ಲಾರಿಗೂ ಒಂದ ಊಟ ಅಂತ ಹೇಳಿಟ್ಟೀನಿ, ಸಾಬೂದಾಣಿ ನೆನಸೂದಿಲ್ಲ. ಮನಿಯವರ ಮಾರಿ ಸಣ್ಣಾಗ್ಯಾವ. ವೈನಿ, ಮೌಶಿ, ನಿಮ್ಮ ಮನ್ಯಾಗೂ ಹಿಡಿ ಅಕ್ಕಿ, ಹಿಡಿ ಜ್ವಾಳಾ ಎತ್ತಿಡೂ ಪದ್ಧತಿ ಇದ್ರ, ಯಾವ ಡಬ್ಬಿಯೊಳಗ ಇಡ್ತಿದ್ರು, ಯಾರಿಗೆ ಹೋಗ್ತಿತ್ತು, ಸಿಕ್ಕಾಗ ನನಗ ಹೇಳ್ರಿ.