ಹತ್ತು ಲಕ್ಷದ ಒಂದು ಗ್ರಾಂಟು ಮತ್ತು ಆಂಡರ್ಸನ್‌ಪೇಟೆ ಬ್ರಾಂಚು

ಎನ್‌ಜಿಒ, ಗ್ರಾಂಟು, ಫಂಡಿಂಗು ಅಂದ ಕೂಡಲೇ ನಮ್ಮಲ್ಲಿ ಅರ್ಧ ಜನ ಮೂಗು ಮುರೀತಾರೆ. ಯಾರದೋ ದುಡ್ಡು, ಯಾರದೋ ಜೀಪು, ಊರ ಬಾಗಿಲಲ್ಲೊಂದು ಬೋರ್ಡು. ಪೂರ್ತಿ ಸುಳ್ಳೇನಲ್ಲ ಬಿಡಿ. ಆದರೆ ಕೋಲಾರದ ಮಟ್ಟಿಗೆ ಈ ಕತೆ ಅಷ್ಟು ಸುಲಭದ್ದಲ್ಲ.

ಹಳೇ ಗ್ರಾಂಟುಗಳಿಂದಲೇ ಶುರು ಮಾಡೋಣ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ - ಈ ಕಡೆ ವರ್ಷಪೂರ್ತಿ ಹರಿಯೋ ನದಿ ಒಂದೂ ಇಲ್ಲ. ಪಾಲಾರ್ ಇದೆ, ಮಳೆ ಬಂದರೆ. ಹಾಗಾಗಿ ಎಲ್ಲಕ್ಕೂ ಕೆರೆಯೇ ಗತಿ. ಬಿ.ಎಲ್. ರೈಸ್ 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೇ ಸಂಪುಟ ಪೂರ್ತಿ ನಮ್ಮ ಜಿಲ್ಲೆಯ ಶಾಸನಗಳದ್ದು. ಬಿತ್ತುವಟ್ಟ, ಕಟ್ಟುಕೊಡಗೆ ಇಂಥ ಪದಗಳ ಹಿಂದೆ ಇರೋದು ಒಂದೇ ಲೆಕ್ಕಾಚಾರ: ಕೆರೆ ಕಟ್ಟಿದವನಿಗೆ, ಅದನ್ನು ನೋಡಿಕೊಳ್ಳುವವನಿಗೆ ಕೆರೆಯ ನೀರಿಂದಲೇ ಬೆಳೆಯುವ ಭೂಮಿ. ತೂಬು ಎತ್ತಿ ಇಳಿಸುವ ನೀರಗಂಟಿಗೂ ಬೆಳೆಯಲ್ಲಿ ಪಾಲು. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದ್ರೆ ಮೇಂಟೆನೆನ್ಸ್ ಖರ್ಚು ಡಿಸೈನಿನಲ್ಲೇ ಸೇರಿತ್ತು. (ಆ ನೀರಗಂಟಿ ಬಹುಪಾಲು ದಲಿತ, ನೀರು ಹಂಚಿದವನಿಗೆ ಊರ ಬಾವಿ ಮುಟ್ಟೋ ಹಾಗಿರಲಿಲ್ಲ ಅನ್ನೋದನ್ನ 'ಆ ಕಾಲವೇ ಚೆನ್ನಾಗಿತ್ತು' ಅನ್ನೋರು ಮರೆಯಬಾರದು.) ಆಮೇಲೆ ಇನಾಮುಗಳು ಹೋದವು, ಕೆರೆ ಇಲಾಖೆಗೆ ಸೇರಿತು, ಹೂಳು ತುಂಬಿತು, ಬೋರ್‌ವೆಲ್ ಬಂತು.

ಇನ್ನು ನನಗೆ ತುಂಬಾ ಇಷ್ಟವಾದ ಭಾಗ. 1968ರಲ್ಲಿ ಟಿಬೆಟ್ ನಿರಾಶ್ರಿತರ ಪುನರ್ವಸತಿಗೆ ಅಂತ ಬೆಂಗಳೂರಲ್ಲಿ ಶುರುವಾದ ಸಂಸ್ಥೆ ಮೈರಾಡ. ಮುಂದೆ ಹಳ್ಳಿಗಳ ಕೆಲಸಕ್ಕೆ ಇಳಿಯಿತು. 1984-85ರ ಹೊತ್ತಿಗೆ ಅದು ಬೆಂಬಲಿಸುತ್ತಿದ್ದ ದೊಡ್ಡ ಸಹಕಾರ ಸಂಘಗಳು ಒಡೆಯತೊಡಗಿದವು. ಸದಸ್ಯರು ಏನಂದರು ಗೊತ್ತಾ? ಸಾಲ ತೀರಿಸ್ತೀವಿ, ಆದ್ರೆ ಆ ದೊಡ್ಡ ಸಂಘಕ್ಕಲ್ಲ, ನಮ್ಮ ಚಿಕ್ಕ ಗುಂಪಿಗೆ ಅಂತ! ಒಬ್ಬರನ್ನೊಬ್ಬರು ಬಲ್ಲ ಹದಿನೈದು ಇಪ್ಪತ್ತು ಜನರ ಗುಂಪು. ಆಗ ಮೈರಾಡ ಮುಖ್ಯಸ್ಥರಾಗಿದ್ದ ಅಲೋಶಿಯಸ್ ಫರ್ನಾಂಡಿಸ್ ಇದನ್ನು ಸೋಲು ಅಂತ ಫೈಲು ಮುಚ್ಚಲಿಲ್ಲ, ಗುಂಪುಗಳನ್ನೇ ಬೆಳೆಸಿದರು.

1987ರಲ್ಲಿ ನಬಾರ್ಡ್ ಮೈರಾಡಗೆ ಹತ್ತು ಲಕ್ಷ ರೂಪಾಯಿ ಗ್ರಾಂಟು ಕೊಟ್ಟಿತು - ಗುಂಪುಗಳ ಉಳಿತಾಯಕ್ಕೆ ಸಮನಾಗಿ ಹಣ ಸೇರಿಸಲು, ತರಬೇತಿ ಕೊಡಲು. ಕಟ್ಟಡಕ್ಕಲ್ಲ, ಜೀಪಿಗಲ್ಲ. ಬ್ಯಾಂಕುಗಳ ತಕರಾರು ಬೇರೆಯೇ ಇತ್ತು: ನೋಂದಣಿ ಇಲ್ಲದ ಗುಂಪಿಗೆ ಸಾಲ ಕೊಡೋದು ಹೇಗೆ, ಯಾರ ಮೇಲೆ ಕೇಸು ಹಾಕೋದು? 1991ರಲ್ಲಿ ರಿಸರ್ವ್ ಬ್ಯಾಂಕ್ ಒಪ್ಪಿತು. ಅದೇ ವರ್ಷ ಡಿಸೆಂಬರ್ 9ರಂದು ಕೆಜಿಎಫ್‌ನ ಆಂಡರ್ಸನ್‌ಪೇಟೆ ವೈಶ್ಯ ಬ್ಯಾಂಕ್ ಶಾಖೆ ಮುದುಗುಳಿಯ ವೆಂಕಟೇಶ್ವರ ಮಹಿಳಾ ಸಂಘಕ್ಕೆ ಸಾಲ ಕೊಟ್ಟಿತು. ದೇಶದಲ್ಲಿ ಸ್ವಸಹಾಯ ಸಂಘಗಳಿಗೆ ಬ್ಯಾಂಕು ನೇರವಾಗಿ ಕೊಟ್ಟ ಮೊದಮೊದಲ ಸಾಲಗಳಲ್ಲಿ ಒಂದು. 500 ಗುಂಪುಗಳ ಪ್ರಯೋಗಕ್ಕೆ ನಬಾರ್ಡ್ ಮಾರ್ಗಸೂಚಿ ಬಂದದ್ದು ಆಮೇಲೆ, 1992ರ ಫೆಬ್ರವರಿಯಲ್ಲಿ. ಇವತ್ತು ನಿಮ್ಮೂರಲ್ಲಿ ವಾರಕ್ಕೊಮ್ಮೆ ಸೇರುವ 'ಸಂಘ'ದ ಬೇರು ಎಲ್ಲಿದೆ ನೋಡಿ.

ಆದರೆ ಅದೇ ಜಿಲ್ಲೆಯಲ್ಲಿ 2009ರಲ್ಲಿ ಏನಾಯಿತು? ಮೈಕ್ರೋಫೈನಾನ್ಸ್ ಕಂಪನಿಗಳು ಒಂದರ ಹಿಂದೊಂದು ಬಂದು, ಒಬ್ಬಳೇ ಹೆಂಗಸಿಗೆ ಮೂರ್ನಾಲ್ಕು ಕಡೆ ಸಾಲ. ರೇಷ್ಮೆ ಕೆಲಸದವರಿಗೆ ಕಂತು ಕಟ್ಟೋಕೆ ಆಗಲಿಲ್ಲ. ಕೊನೆಗೆ ಕೋಲಾರದ ಅಂಜುಮನ್, ತೀರಿಸಬೇಡಿ ಅಂದಿತು. ಗುಂಪು ಅನ್ನೋ ಹೆಸರು ಮಾತ್ರ ಒಂದೇ. ಒಂದು ಕಡೆ ವರ್ಷಗಟ್ಟಲೆ ಉಳಿತಾಯ ಮಾಡಿ ಕಟ್ಟಿದ್ದು, ಇನ್ನೊಂದು ಕಡೆ ಸಾಲ ಮಾರೋಕೆ ಒಂದೇ ವಾರದಲ್ಲಿ ಜೋಡಿಸಿದ್ದು.

ಕೆರೆಗಳಿಗೂ ಮತ್ತೆ ದುಡ್ಡು ಬಂತು. 2002ರಲ್ಲಿ ವಿಶ್ವಬ್ಯಾಂಕಿನ ನೆರವಿನ ಜಲ ಸಂವರ್ಧನೆ ಯೋಜನೆ, ಕೆರೆ ಬಳಕೆದಾರರ ಸಂಘಗಳು. ಮುಳಬಾಗಿಲು ತಾಲ್ಲೂಕಿನಲ್ಲಿ ಗ್ರಾಮ ವಿಕಾಸ ಅನ್ನೋ ಸ್ಥಳೀಯ ಸಂಸ್ಥೆ ಹೂಳೆತ್ತುವ ಕೆಲಸ, ಮಹಿಳಾ ಒಕ್ಕೂಟ ಎರಡನ್ನೂ ಮಾಡಿದೆ. ಹೂಳು ರೈತರ ಹೊಲಕ್ಕೆ ಗೊಬ್ಬರ, ಕೆರೆಗೆ ಜಾಗ. ಒಂದೇ ಖರ್ಚಿಗೆ ಎರಡು ಲಾಭ.

ಈಗಿನ ಸ್ಥಿತಿ? 2014ರ ಏಪ್ರಿಲ್‌ನಿಂದ ದೊಡ್ಡ ಕಂಪನಿಗಳು ಲಾಭದ ಶೇಕಡ 2ರಷ್ಟನ್ನು ಸಿಎಸ್ಆರ್‌ಗೆ ಕೊಡಬೇಕು. ನರಸಾಪುರ, ಮಾಲೂರು ಕೈಗಾರಿಕಾ ಪ್ರದೇಶಗಳು ಇರೋದರಿಂದ ಈ ಭಾಗಕ್ಕೆ ಅದು ಸಣ್ಣ ವಿಷಯವಲ್ಲ. ಇನ್ನೊಂದು ಕಡೆ 2020ರ ವಿದೇಶಿ ದೇಣಿಗೆ ಕಾಯ್ದೆ ತಿದ್ದುಪಡಿ, ಒಂದು ಸಂಸ್ಥೆ ಪಡೆದ ವಿದೇಶಿ ಹಣವನ್ನು ಇನ್ನೊಂದಕ್ಕೆ ಕೊಡೋದನ್ನೇ ನಿಲ್ಲಿಸಿತು. ಆಡಳಿತ ವೆಚ್ಚದ ಮಿತಿ ಶೇಕಡ 50ರಿಂದ 20ಕ್ಕೆ ಇಳಿಯಿತು. ದೊಡ್ಡ ಸಂಸ್ಥೆಯ ಮೂಲಕ ಹಣ ಪಡೀತಿದ್ದ ತಾಲ್ಲೂಕು ಮಟ್ಟದ ಸಂಸ್ಥೆಗಳಿಗೇ ಪೆಟ್ಟು. ದುರುಪಯೋಗ ತಡೆಯೋಕೆ ಅಂತಾರೆ. ಇರಬಹುದು, ಆದರೆ ಹಳ್ಳಿಗೆ ಹೋಗಿ ಸಭೆ ನಡೆಸುವ ಕಾರ್ಯಕರ್ತೆಯ ಸಂಬಳ ಎಷ್ಟೋ ಸಲ 'ಆಡಳಿತ ವೆಚ್ಚ'ದ ಕಾಲಮ್ಮಿಗೇ ಹೋಗಿ ಬೀಳುತ್ತೆ!

ನಾನು ನೋಡಿದ ಸಿಎಸ್ಆರ್ ಅರ್ಜಿಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಇರುತ್ತೆ: ಹನ್ನೆರಡು ತಿಂಗಳಲ್ಲಿ ಅಳೆಯಬಹುದಾದ ಫಲಿತಾಂಶ ಏನು? ಮೊದಲ ಗುಂಪುಗಳಿಂದ ಆಂಡರ್ಸನ್‌ಪೇಟೆಯ ಸಾಲದವರೆಗೆ ಆರೇಳು ವರ್ಷ ಹಿಡಿದಿತ್ತು. ಆ ಅರ್ಜಿ ತುಂಬಿದ್ದರೆ ಮೈರಾಡ ಮೊದಲ ಸುತ್ತಲ್ಲೇ ಔಟ್ :)

ಕೋಲಾರದ ಕಡೆಯ ಬ್ಲಾಗಿಗರು ಯಾರಾದ್ರೂ ಇದ್ದರೆ ಒಂದು ಕೆಲಸ ಮಾಡಿ. ನಿಮ್ಮೂರ ಕೆರೆ ಹತ್ತಿರ ಕಟ್ಟುಕೊಡಗೆ ಅಥವಾ ನೀರಗಂಟಿ ಹೊಲ ಅಂತ ಹಿರಿಯರು ಕರೆಯೋ ಜಾಗ ಇದ್ದರೆ, ಅದು ಈಗ ಯಾರ ಹೆಸರಿಗಿದೆ ಅಂತ ಪಹಣಿ ನೋಡಿ. ಹೆಸರು ಬೇಡ, ಕೆರೆಗೆ ಅದರಿಂದ ಇವತ್ತು ಏನಾದ್ರೂ ಸಿಗುತ್ತಾ ಅನ್ನೋದನ್ನಷ್ಟೇ ಬರೆಯಿರಿ.