ಕಡೂರು ಸೀಮೆಯ ಮೇಷ್ಟ್ರು

ಇಂದಿನ ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೂ ಕಡೂರು ಜಿಲ್ಲೆ ಎಂದೇ ಹೆಸರು. ಕಚೇರಿಗಳೆಲ್ಲ 1860ರ ದಶಕದಲ್ಲೇ ಬೆಟ್ಟದ ಬುಡದ ಚಿಕ್ಕಮಗಳೂರಿಗೆ ಹೋದವು, ಹೆಸರು ಮಾತ್ರ ಬಯಲಿನ ಊರಿನದೇ ಉಳಿಯಿತು. ಬಿ.ಎಲ್. ರೈಸ್ ಅವರು 1901ರಲ್ಲಿ ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯ ಕರ್ನಾಟಿಕದ ಆರನೆಯ ಸಂಪುಟವನ್ನು ಹೊರತಂದದ್ದೂ ಕಡೂರು ಜಿಲ್ಲೆಯ ಹೆಸರಿನಲ್ಲೇ. ಅದರಲ್ಲಿ ಗಂಗರ ಅರಸ ಬೂತುಗನ ಅಕ್ಕ ಪಾಂಬಬ್ಬೆ ಇದ್ದಾಳೆ. ಅರಮನೆ ಬಿಟ್ಟು, ತಲೆಗೂದಲು ಕಿತ್ತು, ಮೂವತ್ತು ವರ್ಷ ತಪಸ್ಸು ಮಾಡಿ ದೇಹ ಬಿಟ್ಟವಳು. ಕಡೂರಿನ ಆ ಶಾಸನದ ಕಾಲ 971. ತರೀಕೆರೆ ಬಳಿಯ ಅಮೃತಾಪುರದಲ್ಲಿ ಹೊಯ್ಸಳ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ ದೇಗುಲವನ್ನು ಕಟ್ಟಿಸಿದ್ದು 1196ರಲ್ಲಿ. ಅಲ್ಲಿನ ಶಾಸನಕ್ಕೆ ಪದ್ಯ ಬರೆದುಕೊಟ್ಟವನು ಕವಿ ಜನ್ನ.

ರೈಸ್ ಶಾಸನಗಳಿಗಾಗಿ ಮಾತ್ರ ಹಳ್ಳಿ ತಿರುಗಿದವರಲ್ಲ. ಅವರು ಶಿಕ್ಷಣ ಇಲಾಖೆಯ ಅಧಿಕಾರಿ. ಹೋಬಳಿಗೊಂದು ಶಾಲೆ ಬೇಕು ಎಂಬ ಯೋಜನೆ 1868ರಲ್ಲಿ ಬಂದದ್ದು ಅವರಿಂದಲೇ. ಊರಲ್ಲಿ ಆಗಲೇ ಪಾಠ ಹೇಳಿಕೊಂಡಿದ್ದವರನ್ನೇ ನಾರ್ಮಲ್ ಸ್ಕೂಲಿಗೆ ಕರೆಸಿ, ತರಬೇತಿ ಕೊಟ್ಟು, ಮತ್ತೆ ಅವರವರ ಸೀಮೆಗೇ ಕಳಿಸುವುದು ಆ ಯೋಜನೆಯ ಜೀವ. ಒಬ್ಬರೇ ಮಾಡಿದ ಈ ಎರಡು ಕೆಲಸಗಳಲ್ಲಿ ಕಲ್ಲಿನ ಕೆಲಸ ಗ್ರಂಥಾಲಯಕ್ಕೆ ಸೇರಿತು. ಶಾಲೆಯ ಕೆಲಸ ನಮ್ಮ ಸೀಮೆಯ ಸಾವಿರಾರು ಮನೆಗಳನ್ನು ಸೇರಿತು. ಆದರೂ ಊರ ಚರಿತ್ರೆ ಬರೆಯುವವರು ಪಾಳೆಯಗಾರರಿಂದ ಶುರುಮಾಡಿ ಪಟೇಲರು, ಶಾನುಭೋಗರವರೆಗೆ ಬಂದು ನಿಂತುಬಿಡುತ್ತಾರೆ. ಮೇಷ್ಟ್ರ ಹೆಸರು ಬರುವುದೇ ಇಲ್ಲ. ನನಗೆ ಇದು ಸಣ್ಣ ಲೋಪವಾಗಿ ಕಾಣುವುದಿಲ್ಲ.

ಸರ್ಕಾರಿ ಶಾಲೆಗೆ ಮೊದಲು ಇದ್ದದ್ದು ಕೂಲಿಮಠ. ಐಗಳು ಗುಡಿಯ ಜಗಲಿಯಲ್ಲೋ ಯಾರದೋ ಮನೆಯ ಪಡಸಾಲೆಯಲ್ಲೋ ಮರಳು ಹರವಿ ಅಕ್ಷರ ತಿದ್ದಿಸುತ್ತಿದ್ದರು. ಮಗ್ಗಿ, ಲೆಕ್ಕ, ಓಲೆ ಓದುವುದು, ಇಷ್ಟು ಬಂದರೆ ವಿದ್ಯೆ ಬಂದಂತೆ. ಮಾನೌಮಿ ಬಂದಾಗ ಹುಡುಗರನ್ನು ಕಟ್ಟಿಕೊಂಡು ಮನೆಮನೆ ಮುಂದೆ ಚೌಪದ ಹಾಡಿಸಿದರೆ ಕಾಳು, ಕಾಸು, ಒಮ್ಮೊಮ್ಮೆ ಒಂದು ಪಂಚೆ ಸಿಗುತ್ತಿತ್ತು. ಹೋಬಳಿ ಶಾಲೆ ಬಂದ ಮೇಲೆ ಸಂಬಳ ತಿಂಗಳಿಗೊಮ್ಮೆ ಬಂತು, ಜೊತೆಗೆ ಹಾಜರಿ ಪುಸ್ತಕವೂ ಇನ್‌ಸ್ಪೆಕ್ಟರೂ ಬಂದರು. 1913ರಲ್ಲಿ ಕಡ್ಡಾಯ ಶಿಕ್ಷಣದ ಕಾನೂನಾಯಿತು. ಕಾನೂನು ಬೆಂಗಳೂರಿನಲ್ಲಾದರೂ ಮಕ್ಕಳನ್ನು ದನದ ಹಿಂದಿನಿಂದ ಕರೆತರಬೇಕಾದವರು ಮೇಷ್ಟ್ರೇ.

ಕಡೂರು, ಅಜ್ಜಂಪುರ, ತರೀಕೆರೆ ಈ ಮೂರು ಊರುಗಳ ನೆಲ ಒಂದೇ ಅಲ್ಲ, ಆದ್ದರಿಂದ ಮೇಷ್ಟ್ರ ಕಷ್ಟವೂ ಒಂದೇ ಅಲ್ಲ. ಕಡೂರು ರಾಗಿ, ತೆಂಗಿನ ಬಯಲು. ಮಳೆ ಕೈಕೊಟ್ಟ ವರ್ಷ ಮಕ್ಕಳು ಅಪ್ಪ ಅಮ್ಮನ ಹಿಂದೆ ಕೂಲಿಗೆ ಹೊರಡುತ್ತಿದ್ದರು. ಅಜ್ಜಂಪುರದ್ದು ಕಪ್ಪು ಮಣ್ಣು. ಈರುಳ್ಳಿ ಕೀಳುವ ಕಾಲಕ್ಕೆ ಶಾಲೆ ಅರ್ಧ ಖಾಲಿ. ಅಮೃತಮಹಲ್ ತಳಿಯ ಕೇಂದ್ರ 1929ರಿಂದ ಇರುವುದು ಇಲ್ಲೇ. ಮೈಸೂರು ಅರಸರ ಬೆಣ್ಣೆ ಚಾವಡಿಯಿಂದ ಬಂದ, ಟಿಪ್ಪು ಅಮೃತಮಹಲ್ ಎಂದು ಹೆಸರಿಟ್ಟ ದನಗಳವು. ಸಣ್ಣಕಥೆಗಳ ‘ಆನಂದ’ರು ಅಜ್ಜಂಪುರ ಸೀತಾರಾಮ್ ಆಗಿ ಈ ಊರನ್ನು ತಮ್ಮ ಹೆಸರಿನಲ್ಲೇ ಉಳಿಸಿಕೊಂಡವರು. ತರೀಕೆರೆ ಮಲೆನಾಡಿನ ಹೆಬ್ಬಾಗಿಲು. 1899ರಲ್ಲಿ ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದು ಊರು ಬೆಳೆಯಿತು, ಆದರೆ ಲಕ್ಕವಳ್ಳಿ ಕಡೆಯ ಕಾಡಂಚಿನ ಹಳ್ಳಿಗಳಲ್ಲಿ ಚಳಿಜ್ವರ ಬಿಡಲಿಲ್ಲ. ಆ ಕಡೆಗೆ ವರ್ಗವೆಂದರೆ ಮನೆಯವರು ಅಳುತ್ತಿದ್ದರು. ಆದರೂ ಮೇಷ್ಟ್ರು ಟ್ರಂಕು, ಹಾಸಿಗೆ, ದೇವರ ಪೆಟ್ಟಿಗೆ ಕಟ್ಟಿಕೊಂಡು ಗಾಡಿ ಹತ್ತುತ್ತಿದ್ದರು.

ಆ ದೇವರ ಪೆಟ್ಟಿಗೆಯನ್ನು ಬಿಟ್ಟು ಅವರ ಬದುಕು ಅರ್ಥವಾಗುವುದಿಲ್ಲ. ಬೆಳಗ್ಗೆ ಬಾವಿಯ ನೀರು ಸುರಿದುಕೊಂಡು ಒಬ್ಬರದು ಸಂಧ್ಯಾವಂದನೆ, ಇನ್ನೊಬ್ಬರದು ಇಷ್ಟಲಿಂಗ ಪೂಜೆ, ಮತ್ತೊಬ್ಬರದು ನಮಾಜು. ಆಮೇಲೆ ಶಾಲೆಯ ಬೀಗ. ಏಕೋಪಾಧ್ಯಾಯ ಶಾಲೆಯಾದರೆ ನಾಲ್ಕು ತರಗತಿ ಒಂದೇ ಕೋಣೆಯಲ್ಲಿ. ಒಂದಕ್ಕೆ ಕಾಪಿ ಬರೆಯಲು ಹಾಕಿ ಇನ್ನೊಂದಕ್ಕೆ ಲೆಕ್ಕ. ಸಂಜೆ ಎಷ್ಟೋ ಊರುಗಳಲ್ಲಿ ಅಂಚೆ ಕೆಲಸವೂ ಅವರದೇ: ಮನಿಯಾರ್ಡರ್ ಬಟವಾಡೆ, ಸೊಸೆಯ ತವರಿಗೆ ಕಾಗದ ಬರೆದುಕೊಡುವುದು, ಬಂದ ಕಾಗದ ಓದಿ ಹೇಳುವುದು. “ಮೇಷ್ಟ್ರೇ, ಕೆಟ್ಟದ್ದೇನಾದ್ರೂ ಇದ್ರೆ ನಿಧಾನಕ್ಕೆ ಹೇಳಿ” ಎಂದು ಮೆಟ್ಟಿಲ ಮೇಲೆ ಕೂತ ಮುದುಕಿಯ ಮುಂದೆ ಅವರು ಓದುವ ದನಿಯನ್ನೇ ಬದಲಿಸಬೇಕಿತ್ತು.

ರಾತ್ರಿ ಊಟವಾದ ಮೇಲೆ ಕಾವ್ಯ. ಜೈಮಿನಿ ಭಾರತದ ಲಕ್ಷ್ಮೀಶ ಕಡೂರು ತಾಲ್ಲೂಕಿನ ದೇವನೂರಿನವನು, ಅಲ್ಲಿಯ ಲಕ್ಷ್ಮೀಕಾಂತನ ಭಕ್ತ. ಕವಿ ನಮ್ಮೂರವನು ಎಂಬ ಸಲಿಗೆಯಿಂದಲೇ ಇಲ್ಲಿಯ ಜನ ಆ ವಾರ್ಧಕ ಷಟ್ಪದಿಯನ್ನು ಕೇಳಿದರು. ಗಮಕ ಬಲ್ಲ ಮೇಷ್ಟ್ರು ಇದ್ದ ಊರಿನಲ್ಲಿ ಅಕ್ಷರ ಬಾರದವರಿಗೂ ಚಂದ್ರಹಾಸನ ಕಥೆ, ಸುಧನ್ವನ ಕಾಳಗ ಬಾಯಿಗೆ ಬರುತ್ತಿದ್ದವು. ಇದಕ್ಕೆ ಸಂಬಳವಿರಲಿಲ್ಲ.

ಭಕ್ತಿ ಎಲ್ಲ ಕಡೆಯೂ ಬಾಗಿಲು ತೆರೆಯಲಿಲ್ಲ ಎಂಬುದನ್ನೂ ಹೇಳಲೇಬೇಕು. ಆ ಕಾವ್ಯವಾಚನಕ್ಕೆ ಜಗಲಿಯ ಮೇಲೆ ಕೂರುವವರು ಕೆಲವರು, ಕೆಳಗೆ ದೂರದಲ್ಲಿ ನಿಲ್ಲುವವರು ಕೆಲವರು. 1915ರಲ್ಲಿ ಇದೇ ಕಡೂರು ಜಿಲ್ಲೆಯ ಶೃಂಗೇರಿಯ ಶಾಲೆಗೆ ದಲಿತ ಮಕ್ಕಳನ್ನು ಸೇರಿಸಿಕೊಂಡಾಗ ಭಾರಿ ವಿರೋಧ ಎದ್ದಿತು. ಸರ್ಕಾರ ಹಿಂಜರಿಯಲಿಲ್ಲ. ಆದರೆ ಸರ್ಕಾರದ ಆದೇಶ ಹಳ್ಳಿಗೆ ಬಂದು ನಿಂತದ್ದು ಮೇಷ್ಟ್ರ ಮುಂದೆ. ಮಡಿ ಬಿಡದೆ ಮಗುವಿನ ಸ್ಲೇಟು ಮುಟ್ಟುವುದು ಹೇಗೆ? ದೂರದಿಂದ ಬಳಪ ಎಸೆದವರೂ ಇದ್ದರು, ಪಕ್ಕದಲ್ಲಿ ಕೂತು ಕೈ ಹಿಡಿದು ತಿದ್ದಿಸಿದವರೂ ಇದ್ದರು. ಈ ಎರಡನೆಯವರ ನಂಬಿಕೆಯೇ ದೊಡ್ಡದು ಎಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ.

ಸಂಸಾರದ ಮಾತಿಗೆ ಬಂದರೆ, ಮೇಷ್ಟ್ರ ಸಂಬಳ ಅವರೊಬ್ಬರದಾಗಿರಲಿಲ್ಲ. ತಂಗಿಯ ಮದುವೆ, ತಮ್ಮನ ಓದು, ತಾಯಿಯ ಔಷಧಿ ಎಲ್ಲ ಅದರಲ್ಲೇ. ಮನೆಯಲ್ಲಿ ಯಾವಾಗಲೂ ಮಿಡ್ಲ್‌ಸ್ಕೂಲು ಓದುವ ನೆಂಟರ ಹುಡುಗರು ಇಬ್ಬರಾದರೂ ಇರುತ್ತಿದ್ದರು. ವಾರಾನ್ನಕ್ಕೆ ಬರುವವನೊಬ್ಬ ಬೇರೆ. ಹಿಟ್ಟು ಸಾಲದಿದ್ದರೆ ಕಡಿಮೆ ಉಣ್ಣುತ್ತಿದ್ದವರು ಮೇಷ್ಟ್ರ ಹೆಂಡತಿ. ಊರು ಅವರನ್ನು ‘ಮೇಷ್ಟ್ರ ಮನೆಯೋರು’ ಎಂದಷ್ಟೇ ಕರೆಯಿತು. ಪಾಠ ಹೇಳಿದವರ ಹೆಸರಾದರೂ ಹಾಜರಿ ಪುಸ್ತಕದಲ್ಲಿರುತ್ತದೆ, ಪಾಠ ಕಲಿಯಲು ಬಂದವರಿಗೆ ಮುದ್ದೆ ಇಕ್ಕಿದವರ ಹೆಸರು ಎಲ್ಲೂ ಇಲ್ಲ.

ಇಂದು ಅಜ್ಜಂಪುರ ತರೀಕೆರೆಯಿಂದ ಬೇರೆಯಾಗಿ ತಾನೇ ತಾಲ್ಲೂಕಾಗಿದೆ. ಹಳ್ಳಿಯ ಬಹುಪಾಲು ಮೇಷ್ಟ್ರು, ಮಿಸ್ಸುಗಳು ಕಡೂರು, ಬೀರೂರು, ತರೀಕೆರೆಗಳಲ್ಲಿ ಮನೆ ಮಾಡಿ ಬಸ್ಸಿನಲ್ಲೋ ಬೈಕಿನಲ್ಲೋ ಬಂದುಹೋಗುತ್ತಾರೆ. ಅವರನ್ನು ದೂರುವುದು ಸರಿಯಲ್ಲ, ಅವರ ಮಕ್ಕಳೂ ಓದಬೇಕು.

ನನ್ನ ಕೇಳಿಕೆ ಬೇರೆ. ಈ ಸೀಮೆಯ ಎಷ್ಟೋ ಶಾಲೆಗಳು ನೂರು ವರ್ಷ ದಾಟಿವೆ, ಕೆಲವು ಮಕ್ಕಳಿಲ್ಲದೆ ಮುಚ್ಚುತ್ತಿವೆ. ಮುಚ್ಚುವ ಮೊದಲು ಬೀರು ತೆಗೆದು ನೋಡಿ. ದಾಖಲಾತಿ ಪುಸ್ತಕ, ಹಾಜರಿ ಪುಸ್ತಕ, ಇನ್‌ಸ್ಪೆಕ್ಟರು ಷರಾ ಬರೆದ ಭೇಟಿ ಪುಸ್ತಕ, ಇವು ಗೆದ್ದಲು ಹಿಡಿಯುವ ಮುಂಚೆ ಅವುಗಳಲ್ಲಿರುವ ಉಪಾಧ್ಯಾಯರ ಹೆಸರುಗಳನ್ನು ಇಸವಿ ಸಮೇತ ಬರೆದುಕೊಳ್ಳಿ. ಅವರ ಮನೆಯವರ ಹೆಸರನ್ನು ಊರ ಹಿರಿಯರನ್ನು ಕೇಳಿ ಅದರ ಪಕ್ಕದಲ್ಲೇ ಬರೆಯಿರಿ.