ದೊಡ್ಡ ನೆಗೆಟಿವ್, ಮನೆಯ ಕ್ಯಾಮೆರಾ

ಹರಿಹರದ ಹರಿಹರೇಶ್ವರ ದೇವಾಲಯ ಕ್ಯಾಮೆರಾದ ಮುಂದೆ ನಿಂತದ್ದು 1850ರ ದಶಕದಲ್ಲೇ. ಬಾಂಬೆ ವೈದ್ಯಕೀಯ ಸೇವೆಯಲ್ಲಿದ್ದ ಡಾ. ಪಿಗೂ ಕಾಗದದ ನೆಗೆಟಿವ್ ಬಳಸಿ ಈ ಸೀಮೆಯ ಗುಡಿಗಳ ಚಿತ್ರ ತೆಗೆದರು. ಬಿಗ್ಸ್ ಮತ್ತು ನೀಲ್ ಎಂಬ ಇನ್ನಿಬ್ಬರು ತೆಗೆದ ಚಿತ್ರಗಳೂ ಸೇರಿ, ಧಾರವಾಡ ಮತ್ತು ಮೈಸೂರಿನ ವಾಸ್ತುಶಿಲ್ಪದ ದೊಡ್ಡ ಪುಸ್ತಕವೊಂದು 1866ರಲ್ಲಿ ಲಂಡನ್ನಿನಿಂದ ಹೊರಬಂತು. ಹೊಯ್ಸಳರ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಗುಡಿಗೆ ಹೀಗೆ ಕಾಪಿಡುವವರು ಸಿಕ್ಕರು. ಗುಡಿಯ ಸುತ್ತ ಬದುಕಿದವರಿಗೆ ಅಂಥ ಭಾಗ್ಯವಿರಲಿಲ್ಲ. ಹತ್ತಿ ಗಿರಣಿಗಳನ್ನು ನೆಚ್ಚಿ ದಾವಣಗೆರೆಗೆ ಬಂದವರು, 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾದ ಮೇಲೆ ಹರಿಹರದಲ್ಲಿ ಲೇತ್ ಯಂತ್ರ ಕಟ್ಟಿದವರು, ಅವರ ಮದುವೆ, ಅವರ ಮಕ್ಕಳ ಶಾಲೆಯ ಗ್ರೂಪ್ ಫೋಟೊ: ಇವಕ್ಕೆಲ್ಲ ಆಸರೆಯಾದದ್ದು ಪೇಟೆಯ ಸ್ಟುಡಿಯೋ. ಅಲ್ಲಿನ ಗಾಜಿನ ಪ್ಲೇಟು, ಶೀಟ್ ಫಿಲ್ಮುಗಳನ್ನು ಡಿಜಿಟಲ್ ಮಾಡಲು ದೊಡ್ಡ ಸಂಸ್ಥೆಯೊಂದು ಬರಲಿ ಎಂದು ಕಾಯಬೇಕಿಲ್ಲ, ದಾವಣಗೆರೆಯ ವಿನೋಬನಗರದ ಮನೆಯೊಂದರ ಕೋಣೆ ಮತ್ತು ಒಂದು ಸಾಧಾರಣ ಕ್ಯಾಮೆರಾ ಸಾಕು ಎಂಬುದು ನನ್ನ ವಾದ.

ಲೆಕ್ಕ ಹಾಕಿ ನೋಡಬಹುದು. ಹಾಫ್ ಪ್ಲೇಟ್ ಎಂಬ ನೆಗೆಟಿವಿನ ಅಳತೆ ನಾಲ್ಕೂಮುಕ್ಕಾಲು ಇಂಚಿಗೆ ಆರೂವರೆ ಇಂಚು. 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಅದನ್ನು ಫ್ರೇಮು ತುಂಬ ಹಿಡಿದರೆ ಇಂಚಿಗೆ 800ಕ್ಕೂ ಹೆಚ್ಚು ಪಿಕ್ಸೆಲ್ ಸಿಗುತ್ತವೆ. ಅಚ್ಚಿಗೆ ಇಂಚಿಗೆ 300 ಸಾಕೆಂಬ ರೂಢಿಯಂತೆ, ಮೂಲದ ಎರಡೂವರೆ ಪಟ್ಟು ದೊಡ್ಡ ಪ್ರತಿಯನ್ನು ತೆಗೆಯಬಹುದು. ಪುಟ್ಟ 35 ಮಿಲಿಮೀಟರ್ ಫಿಲ್ಮಿಗೆ ಬೇಕಾಗುವ ತೀರಾ ಹತ್ತಿರದ ಫೋಕಸ್ ಇಲ್ಲಿ ಬೇಡ. ನೆಗೆಟಿವ್ ದೊಡ್ಡದಾದಷ್ಟೂ ಲೆನ್ಸಿನ ಕೆಲಸ ಹಗುರ. ಕೆಳಗೊಂದು ಸಮನಾಗಿ ಬೆಳಗುವ ಎಲ್‌ಇಡಿ ಪ್ಯಾಡ್, ಮೇಲೆ ನೇರ ಕೆಳಮುಖವಾಗಿ ನಿಂತ ಕ್ಯಾಮೆರಾ, ಅಂಚಿನ ಬೆಳಕು ಲೆನ್ಸಿಗೆ ಬಡಿಯದಂತೆ ಸುತ್ತ ಕಪ್ಪು ರಟ್ಟು. ನೆಗೆಟಿವ್ ಇಡುವ ಜಾಗದಲ್ಲಿ ಕನ್ನಡಿಯಿಟ್ಟಾಗ ಲೆನ್ಸಿನ ಪ್ರತಿಬಿಂಬ ಫ್ರೇಮಿನ ನಡುವೆ ಬಂದರೆ ಕ್ಯಾಮೆರಾ, ನೆಗೆಟಿವ್ ಎರಡೂ ಸಮಾನಾಂತರವಾಗಿವೆ ಎಂದರ್ಥ.

ಸ್ಕ್ಯಾನರ್ ಇನ್ನೂ ಸೂಕ್ಷ್ಮವಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಒಳ್ಳೆಯ ಸ್ಕ್ಯಾನರ್ ಹೆಚ್ಚು ವಿವರ ಹಿಡಿದೀತು. ಆದರೆ ಅಸಿಟೇಟ್ ಫಿಲ್ಮ್ ಕಾಯುವುದಿಲ್ಲ. ವಿನೆಗರ್ ವಾಸನೆ ಶುರುವಾಯಿತೆಂದರೆ ಅದು ಕುಗ್ಗುತ್ತದೆ, ಮೇಲಿನ ಪದರ ಸುಕ್ಕಾಗುತ್ತದೆ, ಅದರಿಂದ ಹೊಮ್ಮುವ ಆಮ್ಲದ ಆವಿ ಅದೇ ಪೆಟ್ಟಿಗೆಯ ಉಳಿದ ಫಿಲ್ಮನ್ನೂ ಕೆಡಿಸುತ್ತದೆ. ಗಾಜಿನ ಪ್ಲೇಟಿಗೆ ಒದಗಿದ್ದು ಬೇರೆ ಗತಿ: ಚಿತ್ರವಿರುವ ಎಮಲ್ಷನ್ ಪದರ ತೊಳೆದು, ಗಾಜನ್ನು ಫೋಟೊಗೆ ಕಟ್ಟು ಹಾಕುವವರಿಗೆ ಮಾರುವ ರೂಢಿ ದೇಶದ ಅನೇಕ ಸ್ಟುಡಿಯೋಗಳಲ್ಲಿತ್ತು. ಪ್ರಿಂಟು ಮನೆಯ ಗೋಡೆಯ ಮೇಲಿದೆಯಲ್ಲ, ನೆಗೆಟಿವ್ ಯಾಕೆ ಎನ್ನುವವರೂ ಇದ್ದಾರೆ. ಇದನ್ನು ನಾನು ಒಪ್ಪಲಾರೆ. ಪ್ರಿಂಟು ಗಿರಾಕಿಗೆ ಒಪ್ಪುವಂತೆ ಕತ್ತರಿಸಿ ಕೊಟ್ಟದ್ದು. ಪರದೆ ಎಲ್ಲಿಗೆ ಮುಗಿಯಿತು, ಅದರಾಚೆ ಯಾವ ಗೋಡೆಯಿತ್ತು, ಮಗುವನ್ನು ಯಾರ ಕೈ ಹಿಡಿದುಕೊಂಡಿತ್ತು ಎಂಬುದು ನೆಗೆಟಿವಿನ ಅಂಚಿನಲ್ಲಿ ಉಳಿದಿರುತ್ತದೆ. ಮುಖದ ಸುಕ್ಕು, ಕಲೆಗಳನ್ನು ಮರೆಸಲು ರೀಟಚ್ ಮಾಡುವವರು ಸೀಸದ ಕಡ್ಡಿಯಿಂದ ನೆಗೆಟಿವಿನ ಮೇಲೆಯೇ ಬಿಡಿಸಿದ ಸಣ್ಣ ಗೆರೆಗಳೂ ಅಲ್ಲಿವೆ. ಅದು ಒಂದು ಕಸುಬಿನ ಕೈಬರಹ. ಹಾಗಾಗಿ ಕೆಳಗಿನಿಂದ ಬೆಳಕು ಹಾಯಿಸಿ ಒಂದು ಚಿತ್ರ, ಓರೆಯಾಗಿ ಬೆಳಕು ಬೀಳಿಸಿ ಇನ್ನೊಂದು, ಎರಡರಲ್ಲೂ ಅಂಚು ಕತ್ತರಿಸದೆ ತೆಗೆಯಬೇಕು. ಕ್ಯಾಮೆರಾಗೆ ಈ ಎರಡನೆಯ ಕೆಲಸ ಸಲೀಸು, ಸ್ಕ್ಯಾನರಿಗೆ ಕಷ್ಟ.

ಈ ಚಿತ್ರಗಳು ಯಾರ ಸೊತ್ತು ಎಂಬ ಪ್ರಶ್ನೆ ಇವೆಲ್ಲಕ್ಕಿಂತ ತೂಕದ್ದು. 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಕಲಮಿನಂತೆ, ಬೇರೆ ಒಪ್ಪಂದ ಇಲ್ಲದಿದ್ದರೆ, ದುಡ್ಡು ಕೊಟ್ಟು ಚಿತ್ರ ತೆಗೆಸಿಕೊಂಡವರೇ ಹಕ್ಕಿನ ಮೊದಲ ಒಡೆಯರು. ನೆಗೆಟಿವ್ ಸ್ಟುಡಿಯೋದವರ ಪೆಟ್ಟಿಗೆಯಲ್ಲಿದ್ದರೂ ಚಿತ್ರದ ಮೇಲೆ ಆ ಮನೆಯವರ ಹಕ್ಕಿದೆ. ಮನೆಯಲ್ಲೇ ಕೆಲಸ ಮಾಡುವುದಕ್ಕೆ ಇದೂ ಒಂದು ಸಮರ್ಥನೆ: ಪ್ರಕಟಿಸುವ ಮೊದಲು ಕೇಳಬೇಕಾದ ಕುಟುಂಬ ಅದೇ ಊರಿನಲ್ಲಿದ್ದರೆ ಅನುಮತಿಯೂ ಸಿಕ್ಕೀತು, ಹೆಸರುಗಳೂ ಸಿಕ್ಕಾವು. ನೆಗೆಟಿವಿನ ಮೂಲೆಯಲ್ಲಿ ಸಾಮಾನ್ಯವಾಗಿ ಒಂದು ನಂಬರು ಇರುತ್ತದೆ. ಆ ನಂಬರಿಗೆ ಯಾರ ಹೆಸರು, ಯಾವ ತಾರೀಖು ಎಂಬುದು ಇರುವುದು ಸ್ಟುಡಿಯೋದ ರಿಜಿಸ್ಟರಿನಲ್ಲಿ. ಅಂಗಡಿ ಮುಚ್ಚಿದಾಗ ಅದು ರದ್ದಿಗೆ ಹೋಗುವ ಪುಸ್ತಕ. ಆದ್ದರಿಂದ ಪ್ಲೇಟುಗಳನ್ನು ಮುಟ್ಟುವ ಮೊದಲೇ ಆ ರಿಜಿಸ್ಟರನ್ನು ಹುಡುಕಿ, ಪುಟಪುಟವನ್ನೂ ಅದೇ ಕ್ಯಾಮೆರಾದಲ್ಲಿ ಹಿಡಿದಿಡಬೇಕು.